ಮಾಧ್ಯಮಿಕ ತರಗತಿಗಳಲ್ಲಿ ಪ್ರಪಂಚದ ಪ್ರಾಚೀನ ಚರಿತ್ರೆ: ರಾಮನಗರ ಸೀಮೆಯ ಕೆಲವು ಸಾಕ್ಷ್ಯಗಳು

ಮಾಧ್ಯಮಿಕ ತರಗತಿಯ ಬಾಲಕರಿಗೆ ಪ್ರಪಂಚದ ಪ್ರಾಚೀನ ಹಾಗೂ ಮಧ್ಯಯುಗದ ಚರಿತ್ರೆಯನ್ನು ಬೋಧಿಸುವುದರಲ್ಲಿ ಉಪಾಧ್ಯಾಯರಿಗೆ ಒದಗುವ ತೊಡಕು ಅಲ್ಪವಾದುದಲ್ಲ. ನಮ್ಮ ರಾಜ್ಯದ ಎಂಟನೆಯ ತರಗತಿಯ ಪಠ್ಯದಲ್ಲಿ ಈಜಿಪ್ಟ್, ಮೆಸೊಪೊಟೇಮಿಯ, ಚೀನ, ಗ್ರೀಸ್, ರೋಮ್, ಅಮೆರಿಕ ಖಂಡದ ಪ್ರಾಚೀನ ನಾಗರಿಕತೆಗಳು ಇಷ್ಟೂ ಕೆಲವೇ ಪುಟಗಳಲ್ಲಿ ಅಡಕವಾಗಿವೆ. ಮಾಗಡಿಯ ಸೀಮೆಯ ಹಳ್ಳಿಯೊಂದರ ಹುಡುಗನಿಗೆ ಇವೆಲ್ಲ ದೂರದೇಶದ, ದೂರಕಾಲದ ಹೆಸರುಗಳು. ಕಂಠಪಾಠಮಾಡಿ, ಪರೀಕ್ಷೆ ಮುಗಿದೊಡನೆ ಮರೆಯತಕ್ಕವು.

ಈ ದೋಷವು ಇಂದು ಹುಟ್ಟಿದುದಲ್ಲ. ಪ್ರಕೃತ ಲೇಖಕನು ಸಂಸ್ಕೃತ ಪಾಠಶಾಲೆಯಲ್ಲಿ ವ್ಯಾಕರಣವನ್ನು ಓದುತ್ತಿದ್ದಾಗ ‘ಯವನಾನೀ’ ಎಂಬ ರೂಪವನ್ನು ಪಾಣಿನಿಯ ಸೂತ್ರದಿಂದ ಸಾಧಿಸಲು ಕಲಿತನು. ಅದಕ್ಕೆ ಯವನರ ಲಿಪಿಯೆಂದು ಅರ್ಥವೆಂಬ ವಾರ್ತಿಕವನ್ನೂ ತಪ್ಪಿಲ್ಲದೆ ಒಪ್ಪಿಸಿದನು. ಆ ಯವನರು ಯಾರು, ಎಲ್ಲಿಯವರು ಎಂದು ಕೇಳಬೇಕೆಂದು ಅವನಿಗೂ ತೋರಲಿಲ್ಲ, ಹೇಳಬೇಕೆಂದು ಗುರುಗಳಿಗೂ ತೋರಲಿಲ್ಲ. ಅಯೋನಿಯವೆಂಬ ಗ್ರೀಕರ ನಾಡಿನ ಹೆಸರು ಪ್ರಾಚೀನ ಪಾರಸೀಕರಲ್ಲಿ ‘ಯೌನ’ ಎಂದಾಗಿದ್ದಿತೆಂದೂ, ನಮ್ಮ ‘ಯವನ’ ಶಬ್ದವು ಅದಕ್ಕೆ ಸಂಬಂಧಪಟ್ಟುದೆಂದೂ ತಿಳಿದುಬಂದುದು ಬಹುಕಾಲದ ಮೇಲೆ. ಲೋಕದ ಚರಿತ್ರೆಯು ಸೂತ್ರದೊಳಗೇ ಇದ್ದಿತು. ಅದನ್ನು ಬಿಡಿಸಿ ತೋರಿಸುವವರು ಇರಲಿಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳು ಹಿಂದೆ ಬೆಂಗಳೂರು ಜಿಲ್ಲೆಗೆ ಸೇರಿದ್ದು, ೨೦೦೭ರಲ್ಲಿ ಪ್ರತ್ಯೇಕ ಜಿಲ್ಲೆಯಾಗಿ ರಚಿತವಾದುವು. ರೈಸ್ ಮಹಾಶಯನು ೧೯೦೫ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಇವುಗಳ ಶಾಸನಗಳು ಸಂಗ್ರಹವಾಗಿವೆ; ರಾಮನಗರವು ಅಲ್ಲಿ ಕ್ಲೋಸ್‌ಪೇಟೆಯೆಂದೂ ಕನಕಪುರವು ಕಾನಕಾನಹಳ್ಳಿಯೆಂದೂ ಹಳೆಯ ಹೆಸರುಗಳಿಂದ ಕಾಣಿಸಿಕೊಳ್ಳುತ್ತವೆ. ಈ ಸೀಮೆಯ ಬಾಲಕನು ದಿನವೂ ಕಾಣುವ ವಸ್ತುಗಳಿಂದಲೇ ಲೋಕಚರಿತ್ರೆಯ ಪಾಠವನ್ನು ತೊಡಗಬಹುದೆಂಬುದೂ, ಹಾಗೆ ತೊಡಗುವಾಗ ಸಾಕ್ಷ್ಯದ ಬಲಾಬಲವನ್ನು ತೂಗುವುದನ್ನೂ ಕಲಿಸಲೇಬೇಕೆಂಬುದೂ ಈ ಲೇಖನದ ಪ್ರತಿಪಾದ್ಯ.

ಮೊದಲು ರಾಮನಗರವನ್ನು ತೆಗೆದುಕೊಳ್ಳೋಣ. ಇಲ್ಲಿಯ ರೇಷ್ಮೆಗೂಡಿನ ಮಾರುಕಟ್ಟೆಯು ಏಷ್ಯಾಖಂಡದಲ್ಲಿಯೇ ದೊಡ್ಡವುಗಳಲ್ಲೊಂದೆಂದು ಹೆಸರಾದುದು. ಹಿಪ್ಪುನೇರಳೆಯ ಸೊಪ್ಪು, ಹುಳು ಗೂಡುಕಟ್ಟುವ ಚಂದ್ರಿಕೆ, ಗೂಡಿನಿಂದ ನೂಲನ್ನು ಬಿಚ್ಚುವ ಕ್ರಮ, ಇವನ್ನರಿಯದ ಮಕ್ಕಳು ಈ ಕಡೆಯಲ್ಲಿ ವಿರಳ. ಚೀನದ ಪಾಠಕ್ಕೆ ಇದಕ್ಕಿಂತ ಯೋಗ್ಯವಾದ ಪೀಠಿಕೆಯುಂಟೆ? ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನದ ವೇಳೆಗೇ ಚೀನರು ಈ ವಿದ್ಯೆಯನ್ನು ಬಲ್ಲವರಾಗಿದ್ದರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಚೀನಪಟ್ಟವೂ ಶಾಕುಂತಲದಲ್ಲಿ ಚೀನಾಂಶುಕವೂ ಉಕ್ತವಾಗಿವೆ. ಆ ಅರ್ಥಶಾಸ್ತ್ರವನ್ನು ೧೯೦೯ರಲ್ಲಿ ಅಚ್ಚುಮಾಡಿಸಿ ಲೋಕಕ್ಕೆ ಕೊಟ್ಟವರು ಮೈಸೂರಿನ ಆರ್. ಶಾಮಶಾಸ್ತ್ರಿಗಳೆಂಬುದನ್ನೂ ಮಕ್ಕಳಿಗೆ ಹೇಳಬೇಕು. ಸುಮಾರು ಕ್ರಿ. ಶ. ೫೫೨ರಲ್ಲಿ ಸನ್ಯಾಸಿಗಳು ರೇಷ್ಮೆಹುಳುವಿನ ಮೊಟ್ಟೆಗಳನ್ನು ಜಸ್ಟಿನಿಯನ್ ಚಕ್ರವರ್ತಿಯ ಕಾನ್‌ಸ್ಟಾಂಟಿನೋಪಲಿಗೆ ತಂದ ವೃತ್ತಾಂತವನ್ನು ಪ್ರೊಕೋಪಿಯಸನು ಬರೆದಿಟ್ಟಿದ್ದಾನೆ. ನಮ್ಮ ಸೀಮೆಗೆ ಈ ಕೃಷಿಯು ಬಂದುದು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ, ಟಿಪ್ಪು ಸುಲ್ತಾನನು ಬಂಗಾಳದಿಂದ ಹುಳುಗಳನ್ನು ತರಿಸಿದ ಮೇಲೆ. ‘ರೇಷ್ಮೆ’ ಎಂಬ ಮಾತೂ ಪಾರಸಿ ಮೂಲದ್ದೇ. ಬಟ್ಟೆಯು ಬಂದ ಕಾಲಕ್ಕೂ ಹುಳುವು ಬಂದ ಕಾಲಕ್ಕೂ ನಡುವೆ ಸಾವಿರ ವರ್ಷಕ್ಕೂ ಮೀರಿದ ಅಂತರವಿದೆಯೆಂಬುದನ್ನು ಬಾಲಕನು ಗ್ರಹಿಸಿದನಾದರೆ, ವ್ಯಾಪಾರವೆಂದರೇನು, ವಿದ್ಯೆಯನ್ನು ಗುಟ್ಟಾಗಿಡುವುದೆಂದರೇನು ಎಂಬುದನ್ನು ಅರಿತಂತೆಯೇ.

ಇನ್ನು ಕನಕಪುರ. ಈ ತಾಲ್ಲೂಕಿನ ಸಂಗಮದಲ್ಲಿ ಅರ್ಕಾವತಿಯು ಕಾವೇರಿಯನ್ನು ಸೇರುತ್ತದೆ. ಅದೇ ನೀರು ಮೇಕೆದಾಟಿನ ಬಂಡೆಗಳ ನಡುವೆ ನುಗ್ಗಿ, ತಮಿಳುನಾಡನ್ನು ಹಾದು ಕಡಲು ಸೇರುವೆಡೆಯಲ್ಲಿ ಕಾವೇರಿಪೂಂಪಟ್ಟಿನವೆಂಬ ರೇವುಪಟ್ಟಣವಿದ್ದಿತು. ಅಲ್ಲಿ ಯವನರ ವಸತಿಯಿದ್ದುದನ್ನು ಶಿಲಪ್ಪದಿಕಾರವು ಹೇಳುತ್ತದೆ; ಎರಡನೆಯ ಶತಮಾನದ ಟಾಲೆಮಿಯು ಆ ರೇವನ್ನು ತನ್ನ ಭೂಗೋಳದಲ್ಲಿ ನಮೂದಿಸಿದ್ದಾನೆ. ರೋಮಿನ ಹಣವು ವರ್ಷಕ್ಕೆ ಐದು ಕೋಟಿ ಸೆಸ್ಟರ್ಸಿನಷ್ಟು ಭಾರತಕ್ಕೆ ಹರಿದುಹೋಗುತ್ತಿದೆಯೆಂದು ಮೊದಲನೆಯ ಶತಮಾನದ ಪ್ಲಿನಿಯು ಹಲುಬಿದನು. ಆ ಹಣದ ಒಂದಂಶವನ್ನು ನಾವು ಕಂಡಿದ್ದೇವೆ: ೧೮೯೧ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ಅಗಸ್ಟಸ್, ಟೈಬೀರಿಯಸ್ ಮೊದಲಾದ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳು ದೊರೆತುವು. ಆ ನಾಣ್ಯದ ಹೆಸರಾದ ‘ಡಿನೇರಿಯಸ್’ ಎಂಬುದೇ ಗುಪ್ತರ ಶಾಸನಗಳಲ್ಲಿ ‘ದೀನಾರ’ವಾಗಿದೆ. ಆದರೆ ಉಪಾಧ್ಯಾಯರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಈ ನಾಣ್ಯಗಳು ಕಾವೇರಿಯ ದಾರಿಯಿಂದಲೇ ಬಂದುವೆನ್ನಲು ಆಧಾರವಿಲ್ಲ. ಮೇಕೆದಾಟಿನ ಕೊರಕಲಿನಲ್ಲಿ ಸರಕಿನ ದೋಣಿ ಸಾಗಲಾರದು. ನದಿಯು ಪಾಠಕ್ಕೆ ದಾರಿಯಾಗಬಹುದು. ನಾಣ್ಯಕ್ಕೂ ಅದೇ ದಾರಿಯಾಗಿದ್ದಿತೆಂದು ಹೇಳಲಾಗದು.

ಮಧ್ಯಯುಗದ ಪಾಠಕ್ಕೆ ಚನ್ನಪಟ್ಟಣದ ತಾಲ್ಲೂಕು ತಕ್ಕುದು. ಹನ್ನೊಂದನೆಯ ಶತಮಾನದ ಆದಿಯಲ್ಲಿ ಚೋಳರು ಗಂಗವಾಡಿಯನ್ನು ಗೆದ್ದರು. ಮಳೂರು, ಮಳೂರುಪಟ್ಟಣ ಮುಂತಾದೆಡೆಗಳ ತಮಿಳು ಶಾಸನಗಳು ಆ ಆಳ್ವಿಕೆಯ ಗುರುತುಗಳು. ನಮ್ಮ ಹುಡುಗರು ಇವನ್ನು ಪರಭಾಷೆಯ ಕಲ್ಲುಗಳೆಂದು ಕಡೆಗಣಿಸಬಾರದು. ಇಲ್ಲಿ ಆಳಿದ ರಾಜೇಂದ್ರಚೋಳನ ನೌಕೆಗಳೇ ೧೦೨೫ರಲ್ಲಿ ಶ್ರೀವಿಜಯದ ಮೇಲೆ ದಂಡೆತ್ತಿಹೋದುವು. ಚೋಳರ ದೂತರು ೧೦೧೫, ೧೦೩೩, ೧೦೭೭ರಲ್ಲಿ ಚೀನದ ಸುಂಗ್ ಆಸ್ಥಾನವನ್ನು ಮುಟ್ಟಿದರು. ಕ್ರೈಸ್ತ ಯೋಧರು ಜೆರೂಸಲೇಮನ್ನು ಹಿಡಿದ ೧೦೯೯ರಲ್ಲಿ ಈ ಊರುಗಳು ಇನ್ನೂ ಚೋಳರ ಅಧೀನದಲ್ಲಿದ್ದುವು. ಹೊಯ್ಸಳ ವಿಷ್ಣುವರ್ಧನನು ತಲಕಾಡನ್ನು ಗೆದ್ದುದು ಸುಮಾರು ೧೧೧೬ರಲ್ಲಿ. ಹೀಗೆ ಸಮಕಾಲದ ಸಂಗತಿಗಳನ್ನು ಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆದು ತೋರಿಸಿದರೆ ವರ್ಷದ ಅಂಕಿಗಳಿಗೆ ಜೀವ ಬರುವುದು.

ಅದೇ ಊರಿನ ಗೊಂಬೆಗಳನ್ನು ಕುರಿತು ಹೇಳುವಾಗ ಹೆಚ್ಚಿನ ಎಚ್ಚರ ಬೇಕು. ಹಾಲೆಮರವನ್ನು ಕಡೆದು, ಬಣ್ಣದ ಅರಗನ್ನು ಒತ್ತಿ ಮಾಡುವ ಈ ಕುಶಲಕಲೆಯನ್ನು ಕಲಿಸಲು ಟಿಪ್ಪುವು ಪಾರಸೀಕ ದೇಶದಿಂದ ಕುಶಲಿಗಳನ್ನು ಕರೆಸಿದನೆಂಬ ಮಾತು ಎಲ್ಲೆಡೆಯೂ ಪ್ರಚಲಿತವಾಗಿದೆ. ಇದನ್ನು ಐತಿಹ್ಯವೆಂದೇ ಹೇಳಬೇಕು. ಶಾಸನದ ಸಾಲಿನಲ್ಲಿ ಕೂಡಿಸಬಾರದು. ಅರಗಾದರೋ ಈ ದೇಶಕ್ಕೆ ಬಹು ಹಳೆಯದು: ಅಥರ್ವವೇದದಲ್ಲಿ ಲಾಕ್ಷೆಯನ್ನು ಕುರಿತ ಸೂಕ್ತವೊಂದಿದೆ. ಆ ಶಬ್ದವೇ ಪ್ರಾಕೃತ, ಪಾರಸಿಗಳನ್ನು ಹಾದು ಯೂರೋಪಿನ ಭಾಷೆಗಳನ್ನು ಸೇರಿ, ಇಂಗ್ಲಿಷಿನಲ್ಲಿ ‘ಲ್ಯಾಕ್’ ಎಂದು ನಿಂತಿದೆ.

ಮಾಗಡಿಯ ಸಾವನದುರ್ಗದ ಬಳಿ ದೊಡ್ಡ ಕಲ್ಲುಗಳಿಂದ ಕಟ್ಟಿದ ಪ್ರಾಚೀನ ಸಮಾಧಿಗಳುಂಟು. ಇವನ್ನು ಕುರಿತು ಬ್ರಾನ್‌ಫಿಲ್ ಎಂಬ ಸೇನಾಧಿಕಾರಿಯು ೧೮೮೧ರಲ್ಲಿಯೇ ಬರೆದಿದ್ದಾನೆ. ಇಂಥವನ್ನು ನಮ್ಮ ಜನರು ಹಲವೆಡೆ ಪಾಂಡವರ ಮನೆಗಳೆನ್ನುವುದುಂಟು. ವಿದ್ವಾಂಸರ ಮತದಂತೆ ಇವು ದಕ್ಷಿಣದೇಶದ ಕಬ್ಬಿಣಯುಗದವು. ಪಿರಮಿಡ್ಡುಗಳ ಪಾಠದ ದಿನ ಈ ಕಲ್ಲುಗಳನ್ನು ನೆನಪಿಗೆ ತಂದು, ಸತ್ತವರಿಗಾಗಿ ಮನುಷ್ಯರು ಏತಕ್ಕೆ ಇಷ್ಟು ದುಡಿದರೆಂದು ಕೇಳಬಹುದು. ಈಜಿಪ್ಟಿಗೂ ಸಾವನದುರ್ಗಕ್ಕೂ ಸಂಬಂಧವಿದ್ದಿತೆಂದು ಮಾತ್ರ ಹೇಳಬಾರದು. ನಿಜವಾದ ಸಂಬಂಧವು ಮಕ್ಕಳ ಊಟದ ತಣಿಗೆಯಲ್ಲಿದೆ. ಈ ಸೀಮೆಯ ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನಾಡು. ಮುದ್ದೆಯೊಡನೆ ಉಣ್ಣುವ ಸಾರಿನ ಮೆಣಸಿನಕಾಯಿಯು ೧೪೯೨ರ ಅನಂತರ ಅಮೆರಿಕದಿಂದ ಹೊರಟುಬಂದುದು. ಮಾಯಾ, ಅಜ್ಟೆಕ್ ಜನರು ಬೆಳೆದು ಉಣ್ಣುತ್ತಿದ್ದುದು ಅದನ್ನೇ.

ಇಲ್ಲಿ ಒಂದು ಆಕ್ಷೇಪವು ಹುಟ್ಟಬಹುದು: ಹೀಗೆ ಬೋಧಿಸಿದರೆ ಮಕ್ಕಳು ತಮ್ಮ ಊರೇ ಲೋಕದ ನಡುವೆಂದು ಬಗೆಯುವುದಿಲ್ಲವೆ? ಆಕ್ಷೇಪವು ನ್ಯಾಯವಾದುದೇ. ಈಜಿಪ್ಟಿನ ಆಕ್ಸಿರಿಂಕಸ್ಸಿನಲ್ಲಿ ದೊರೆತು ೧೯೦೩ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನದಲ್ಲಿ ಕನ್ನಡದ ಮಾತುಗಳಿವೆಯೆಂದು ಹುಲ್ಟ್ಸ್ ಪಂಡಿತನು ಊಹಿಸಿದುದನ್ನು ವಾಚಕರು ಬಲ್ಲರು. ಆ ಊಹೆಯನ್ನು ವಿದ್ವಾಂಸರೆಲ್ಲರೂ ಒಪ್ಪಿಲ್ಲ. ಆದರೂ ಅಭಿಮಾನದ ಭರದಲ್ಲಿ ಅದನ್ನು ಸಿದ್ಧಾಂತವೆಂದೇ ತರಗತಿಯಲ್ಲಿ ಹೇಳಿಬಿಡುವುದು ಸುಲಭ. ಇದಕ್ಕೆ ಪರಿಹಾರವು ನಮ್ಮ ಶಾಸ್ತ್ರಗಳಲ್ಲಿಯೇ ಇದೆ. ಪ್ರತ್ಯಕ್ಷ, ಅನುಮಾನ, ಐತಿಹ್ಯ ಎಂದು ಪ್ರಮಾಣವಿಚಾರದಲ್ಲಿ ಪ್ರಾಚೀನರು ಭೇದ ಮಾಡಿದರು. ಐತಿಹ್ಯವು ತಾನೇ ಬೇರೊಂದು ಪ್ರಮಾಣವಾಗದೆಂದು ನೈಯಾಯಿಕರು ವಾದಿಸಿದರು. ಕಲ್ಲಿನ ಮೇಲಿನ ಬರಹ ಯಾವುದು, ಅದರಿಂದ ಊಹಿಸಿದುದು ಯಾವುದು, ಹಿರಿಯರ ಬಾಯಿಂದ ಕೇಳಿದುದು ಯಾವುದು ಎಂದು ಹನ್ನೆರಡು ವರ್ಷದ ಹುಡುಗನೂ ಬೇರ್ಪಡಿಸಬಲ್ಲನು, ಕೇಳುವವರಿದ್ದರೆ.

ಕಾಲಕಾಲಕ್ಕೆ ಪಠ್ಯಗಳು ಬದಲಾಗುತ್ತವೆ. ರಾಜವಂಶಗಳ ಪಟ್ಟಿಗಳು ಮರೆತುಹೋಗುತ್ತವೆ. ಇದು ಹೇಗೆ ಗೊತ್ತು ಎಂದು ಕೇಳುವ ಅಭ್ಯಾಸವು ಒಮ್ಮೆ ಬಂದರೆ ಹೋಗುವುದಿಲ್ಲ. ಆದುದರಿಂದ ಈ ನಾಲ್ಕು ತಾಲ್ಲೂಕುಗಳ ಉಪಾಧ್ಯಾಯರು ತಂತಮ್ಮ ಶಾಲೆಯ ಸುತ್ತಣ ಶಾಸನ, ಸಮಾಧಿ, ಕಸುಬು, ಬೆಳೆಗಳ ಪಟ್ಟಿಯೊಂದನ್ನು ಬರೆದು, ಒಂದೊಂದರ ಎದುರಿಗೂ ಸಾಕ್ಷ್ಯವು ಯಾವ ಬಗೆಯದೆಂದು ಗುರುತುಹಾಕಿಟ್ಟುಕೊಂಡರೆ ಮಹೋಪಕಾರವಾಗುವುದು. ‘ಯವನಾನೀ’ ಎಂಬ ರೂಪವನ್ನು ಸಾಧಿಸುವ ಬಾಲಕನು ಯವನರಾರೆಂದು ಕೇಳುವಂತಾಗಲಿ. ಉತ್ತರ ಹೇಳುವ ಗುರುವು ತನ್ನ ಉತ್ತರಕ್ಕೆ ಆಧಾರವನ್ನೂ ಹೇಳುವಂತಾಗಲಿ.