ಅಂಗಾಂಶ ಹುದುಗಿಸುವಿಕೆ

ಅಂಗಾಂಶ ಹುದುಗಿಸುವಿಕೆ: ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಬೇಕಾದ ಅಂಗಾಂಶದ ತುಣುಕನ್ನು ತೆಳುವಾಗಿ ಕೊಯ್ಯಲು ಬರುವಂತೆ ಪ್ಯಾರಾಫಿನ್ ಮೇಣದಂಥ ಗಟ್ಟಿ ಮಾಧ್ಯಮದಲ್ಲಿ ಕೂರಿಸುವ ಪ್ರಯೋಗಾಲಯ ವಿಧಾನ. ಪ್ಯಾರಾಫಿನ್ ಬಳಕೆ 1869ರಲ್ಲಿ ಎಡ್ವಿನ್ ಕ್ಲೆಬ್ಸ್‌ನಿಂದ ಆರಂಭವಾಯಿತು. 1893ರಲ್ಲಿ ಫರ್ಡಿನಾಂಡ್ ಬ್ಲಮ್ ಅಂಗಾಂಶ ಕೆಡದಂತೆ ಇಡಲು ಫಾರ್ಮಾಲಿನ್‌ನ ಉಪಯೋಗವನ್ನು ತೋರಿಸಿದ.

ಮೇಣ ನೀರಿನೊಂದಿಗೆ ಬೆರೆಯದು. ಇಡೀ ಕ್ರಮಕ್ಕೆ ಇದೇ ಕಾರಣ. ಶೇ. 10ರ ಫಾರ್ಮಾಲಿನ್‌ನಲ್ಲಿ ಕೆಡದಂತೆ ಮಾಡಿದ ತುಣುಕಿನ ನೀರನ್ನು ಹಂತಹಂತವಾಗಿ ಸಾಂದ್ರತೆ ಏರುವ ಆಲ್ಕೋಹಾಲ್ ಹೊರದೂಡುತ್ತದೆ, ಆಲ್ಕೋಹಾಲನ್ನು ಝೈಲೀನ್ ಎಂಬ ದ್ರಾವಕ ತೆಗೆಯುತ್ತದೆ, ಆ ಜಾಗಕ್ಕೆ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಮೇಣ ಇಳಿಯುತ್ತದೆ. ಅಚ್ಚಿನಲ್ಲಿ ತುಣುಕನ್ನು ಕೂರಿಸುವ ಮಗ್ಗುಲು ನಿರ್ಣಾಯಕ: ಚರ್ಮ ಅಥವಾ ಕರುಳಿನ ಎಲ್ಲ ಪದರಗಳೂ ಒಂದೇ ಕೊಯ್ತದಲ್ಲಿ ಕಾಣಬೇಕು. ತಣಿದ ಮೇಣದ ಗಟ್ಟಿಯನ್ನು ಮೈಕ್ರೋಟೋಮ್ ಎಂಬ ಕೊಯ್ಯುವ ಯಂತ್ರ 3ರಿಂದ 5 ಮೈಕ್ರಾನ್ ದಪ್ಪದ ಪಟ್ಟಿಗಳಾಗಿ ಕೊಯ್ಯುತ್ತದೆ. ಕೊಬ್ಬು ಝೈಲೀನ್‌ನಲ್ಲಿ ಕರಗಿಹೋಗುವುದರಿಂದ ಅದರ ಪರೀಕ್ಷೆಗೆ ಹೆಪ್ಪುಗಟ್ಟಿಸಿದ ಕೊಯ್ತವೇ ಬೇಕು.

ವನ್ಯಜೀವಿಗಳ ಸಾವಿನ ತನಿಖೆಗೂ ಅಂಗಾಂಶ ಪರೀಕ್ಷೆ ಬೇಕಾಗುತ್ತದೆ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷಪ್ರಾಶನದಿಂದ ಸತ್ತಾಗ ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳುಹಿಸಲಾಯಿತು. ಇಂಥ ಪ್ರಕರಣಗಳಲ್ಲಿ ವಿಷ ಪತ್ತೆಗೆ ಫಾರ್ಮಾಲಿನ್ ತಾಗದ ತುಣುಕು ಬೇಕು, ಹುದುಗಿಸಲು ಫಾರ್ಮಾಲಿನ್‌ನಲ್ಲಿ ಮುಳುಗಿಸಿದ್ದೇ ಬೇಕು. ಕಾಡಿನಲ್ಲೇ ಕೊಳೆತ ಅಂಗಾಂಶವನ್ನು ಯಾವ ಮೇಣವೂ ಸರಿಪಡಿಸದು.

ಅಂಗಾಂಶ ಹುದುಗಿಸಿದ ಮೇಣದ ಗಟ್ಟಿ ಕೋಣೆಯ ಉಷ್ಣತೆಯಲ್ಲೇ ದಶಕಗಳ ಕಾಲ ಉಳಿದು ಮರುಪರೀಕ್ಷೆಗೆ ಒದಗುತ್ತದೆ.