ಹುಲಿಯ ವೇಷದ ಹಸು

ಕನಸಿನಲ್ಲಿ ಹುಲಿ ಬಂದರೆ ಏನು ಫಲ, ಆನೆ ಅಟ್ಟಿಸಿಕೊಂಡು ಬಂದರೆ ಏನು ಫಲ ಎಂದು ಕೇಳುವವರು ನಮ್ಮ ಎರೆ ಸೀಮೆಯಲ್ಲಿ ಇಂದಿಗೂ ಕಡಿಮೆಯಿಲ್ಲ. ಹಾಗೆ ನೋಡಿದರೆ ರೋಣ, ನರಗುಂದ, ಗಜೇಂದ್ರಗಡದ ಕಡೆ ಹುಲಿಯೂ ಇಲ್ಲ, ಕಾಡಾನೆಯೂ ಇಲ್ಲ. ಇರುವುದು ಬೆಳೆಗೆ ಬಾಯಿ ಹಾಕುವ ಚಿಗರಿ, ಕುರಿಹಟ್ಟಿಯ ಸುತ್ತ ಸುಳಿಯುವ ತೋಳ, ನರಿ, ಹಾವು. ಆದರೂ ಕನಸಿಗೆ ಹುಲಿಯೇ ಬರುತ್ತದೆ. ಬೆಳಗಾದ ಮೇಲೆ ಕೆಲವರ ಮನೆಯಲ್ಲಿ ಪಂಚಾಂಗದ ಸ್ವಪ್ನಫಲದ ಪುಟ ತೆರೆದರೆ, ಕೆಲವರ ಮನೆಯಲ್ಲಿ ಉರ್ದು ಖ್ವಾಬ್‌ನಾಮಾ ಕಪಾಟಿನಿಂದ ಕೆಳಗಿಳಿಯುತ್ತದೆ. ಸಿಂಹವೆಂದರೆ ಅಧಿಕಾರಸ್ಥ ಅಥವಾ ಬಲಿಷ್ಠ ಹಗೆ, ತೋಳವೆಂದರೆ ಸುಳ್ಳುಗಾರ, ಹಾವೆಂದರೆ ಹೊಂಚು ಹಾಕಿದ ಶತ್ರು, ಆನೆಯೆಂದರೆ ಪರದೇಶದ ದೊರೆ. ಹೀಗೆ ಸಾಗುತ್ತದೆ ಖ್ವಾಬ್‌ನಾಮಾದ ಪಟ್ಟಿ.

ಇಂಥ ಪಟ್ಟಿಗಳ ಮೇಲೆಲ್ಲ ಬಸ್ರಾದ ಇಬ್ನ್ ಸೀರೀನ್ ಅವರ ಹೆಸರಿರುತ್ತದೆ. ಅವರು ತೀರಿಕೊಂಡದ್ದು ಹಿಜರಿ 110ರಲ್ಲಿ. ಅವರ ಹೆಸರಿನಲ್ಲಿ ಓಡಾಡುವ ಗ್ರಂಥಗಳು ಬಹಳ ಕಾಲದ ನಂತರ ಸಂಕಲನಗೊಂಡವು. ಅವರ ಬಗ್ಗೆ ಉಳಿದು ಬಂದ ಒಂದು ಕಥೆ ಮಾತ್ರ ಈ ಪಟ್ಟಿಗಳನ್ನೇ ತಲೆಕೆಳಗು ಮಾಡುವಂಥದು. ಇಬ್ಬರು ಬಂದು ತಾವು ಅಜಾನ್ ಕೊಟ್ಟಂತೆ ಕನಸು ಕಂಡೆವು ಎಂದರಂತೆ. ಒಬ್ಬನಿಗೆ ನೀನು ಹಜ್‌ಗೆ ಹೋಗುತ್ತೀ ಎಂದರು, ಇನ್ನೊಬ್ಬನಿಗೆ ನಿನ್ನ ಮೇಲೆ ಕಳ್ಳತನದ ಆರೋಪ ಬರುತ್ತದೆ ಎಂದರು. ಕನಸು ಒಂದೇ, ಕಂಡವರು ಬೇರೆ. ಕನಸುಗಳಲ್ಲಿ ಮೂರು ಬಗೆ ಎಂದು ಹೇಳುವ ಹದೀಸ್ ನಮಗೆ ತಲುಪಿದ್ದೂ ಇವರ ಮೂಲಕವೇ. ಅಲ್ಲಾಹನ ಕಡೆಯಿಂದ ಬರುವ ಶುಭವಾರ್ತೆ ಒಂದು, ಶೈತಾನ ಹುಟ್ಟಿಸುವ ಭಯ ಇನ್ನೊಂದು, ಮನುಷ್ಯನ ಮನಸ್ಸು ತನ್ನೊಡನೆ ತಾನೇ ಆಡಿಕೊಳ್ಳುವ ಮಾತು ಮೂರನೆಯದು. ಈ ಮೂರನೆಯ ಬಗೆಗೆ ನಮ್ಮ ಖ್ವಾಬ್‌ನಾಮಾಗಳು ಹೆಚ್ಚು ಜಾಗ ಕೊಡುವುದಿಲ್ಲ. ಇತಿಹಾಸ ಓದುವವರಿಗೆ ಬೇಕಾದದ್ದು ಅದೇ.

ಏಕೆಂದರೆ ಕನ್ನಡ ನೆಲದ ಒಬ್ಬ ದೊರೆ ತನ್ನ ಕನಸುಗಳನ್ನು ತಾನೇ ಬರೆದಿಟ್ಟ ಪುಸ್ತಕವೊಂದು ನಮಗೆ ಉಳಿದಿದೆ. ಅದರ ಮೊದಲ ಕನಸುಗಳ ಕಾಲ, ನಮ್ಮ ಈ ಮೂರು ಊರುಗಳ ಸೀಮೆ ಯುದ್ಧದಲ್ಲಿ ಬೆಂದ ಕಾಲ.

ನರಗುಂದದ ದೇಸಾಯಿ ವೆಂಕಟರಾವ್ ಭಾವೆ ಹೈದರಲಿಯ ಕಾಲದಿಂದ ಮೈಸೂರಿಗೆ ಕಪ್ಪ ಕೊಡುತ್ತಿದ್ದವನು. ಟಿಪ್ಪು ಸುಲ್ತಾನ್ ಹೆಚ್ಚಿನ ಹಣ ಕೇಳಿದಾಗ ದೇಸಾಯಿ ಪುಣೆಯ ಕಡೆ ನೋಡಿದ. 1785ರಲ್ಲಿ ಟಿಪ್ಪುವಿನ ಸೇನಾನಿ ಬುರ್ಹಾನುದ್ದೀನ್ ನರಗುಂದದ ಗುಡ್ಡಕ್ಕೆ ಮುತ್ತಿಗೆ ಹಾಕಿದ. ತಿಂಗಳುಗಟ್ಟಲೆ ಕಾದಾಡಿದ ಮೇಲೆ ಕೋಟೆ ಶರಣಾಯಿತು. ಶರಣಾದವರಿಗೆ ಕೊಟ್ಟ ಮಾತು ನಡೆಯಲಿಲ್ಲವೆಂದು ಮರಾಠರ ಕಡೆಯ ವೃತ್ತಾಂತಗಳು ಹೇಳುತ್ತವೆ. ದೇಸಾಯಿ ಕೈದಿಯಾಗಿ ಕಬ್ಬಾಳದುರ್ಗ ಸೇರಿದ. ಟಿಪ್ಪುವನ್ನು ಪ್ರೀತಿಸುವ ನಾವು ಈ ಸಂಗತಿಯನ್ನು ದಾಟಿಕೊಂಡು ಹೋಗಬಾರದು. ಪುಣೆ ಮತ್ತು ಹೈದರಾಬಾದು ಒಂದಾಗಿ ಮೈಸೂರಿನ ಮೇಲೆ ಬಂದದ್ದರಲ್ಲಿ ನರಗುಂದದ ಪಾಲು ದೊಡ್ಡದು. 1786ರ ಮೇ ತಿಂಗಳಲ್ಲಿ ಬಾದಾಮಿ ಅವರ ಕೈಸೇರಿತು, ಆಮೇಲೆ ಗಜೇಂದ್ರಗಡವೂ.

ಟಿಪ್ಪುವಿನ ಕನಸಿನ ಪುಸ್ತಕ ಸಿಕ್ಕಿದ್ದು 1799ರಲ್ಲಿ, ಶ್ರೀರಂಗಪಟ್ಟಣ ಬಿದ್ದ ನಂತರ. ಅರಮನೆಯ ಗುಪ್ತ ಕಾಗದಪತ್ರಗಳ ನಡುವೆ ಕರ್ನಲ್ ವಿಲಿಯಂ ಕರ್ಕ್‌ಪ್ಯಾಟ್ರಿಕ್ ಅದನ್ನು ಕಂಡ. ಸುಲ್ತಾನನ ನಂಬಿಕೆಯ ಸೇವಕ ಹಬೀಬುಲ್ಲಾ ಆಗ ಅಲ್ಲೇ ಇದ್ದ. ಅಂಥದೊಂದು ಪುಸ್ತಕ ಇದೆಯೆಂದು ಅವನಿಗೆ ಗೊತ್ತಿತ್ತು, ಆದರೆ ಅದರ ಒಳಗೇನಿದೆ ಎಂದು ನೋಡಿರಲಿಲ್ಲ. ಬರೆಯುವಾಗಲೋ ಓದುವಾಗಲೋ ಯಾರಾದರೂ ಹತ್ತಿರ ಬಂದರೆ ಸುಲ್ತಾನ ಅದನ್ನು ಮರೆಮಾಡುತ್ತಿದ್ದನಂತೆ. ಫಾರ್ಸಿಯಲ್ಲಿ ಸ್ವಂತ ಕೈಬರಹದ 37 ಕನಸುಗಳು. ಎಲ್ಲದಕ್ಕೂ ಅವನು ತಾಬೀರ್ ಬರೆದಿಲ್ಲ, ಕೆಲವಕ್ಕೆ ಮಾತ್ರ.

ಅವುಗಳಲ್ಲಿ ಮೃಗದ ಕನಸೊಂದು ವಿಚಿತ್ರವಾಗಿದೆ. ಕರುವಿನೊಡನೆ ಒಂದು ಹಸು. ಮೈಮೇಲೆ ಹುಲಿಯ ಪಟ್ಟೆ, ಮುಖವೂ ಹಲ್ಲುಗಳೂ ಹುಲಿಯವೇ. ಮುಂಗಾಲುಗಳು ಹಸುವಿನವು, ಹಿಂಗಾಲುಗಳೇ ಇಲ್ಲ. ಮುಂಗಾಲುಗಳಿಂದಲೇ ಅಷ್ಟಿಷ್ಟು ತೆವಳುತ್ತ ಕೇಡು ಮಾಡಲು ಹೊಂಚುತ್ತಿದೆ. ಟಿಪ್ಪು ಬಿಡಾರಕ್ಕೆ ಮರಳಿ, ತನ್ನ ಕೈಯಾರೆ ಅದನ್ನು ಕಡಿಯಬೇಕೆಂದು ಕುದುರೆಗಳಿಗೆ ಜೀನು ಬಿಗಿಸಲು ಹೇಳುವಷ್ಟರಲ್ಲಿ ಬೆಳಗಾಗಿ ಎಚ್ಚರವಾಗುತ್ತದೆ. ಅವನೇ ಅರ್ಥವನ್ನೂ ಬರೆದಿದ್ದಾನೆ: ಇದು ಹುಲಿಯಂತೆ ಕಾಣುವ ನಸಾರಾ ವೈರಿಗಳ ಚಿತ್ರ. ಮುಂಗಾಲು ಅಲುಗಿದ್ದೆಂದರೆ ಅವರು ಸ್ವಲ್ಪ ಪ್ರತಿಭಟಿಸುತ್ತಾರೆ, ಹಿಂಗಾಲು ಇಲ್ಲವೆಂದರೆ ಅವರ ಬೆನ್ನಿಗೆ ಯಾರೂ ನಿಲ್ಲುವುದಿಲ್ಲ.

ಈ ತಾಬೀರ್‌ನಲ್ಲಿ ಜಾಣ್ಮೆಯಿದೆ, ಅಂಗಾಂಗಕ್ಕೂ ಒಂದು ಅರ್ಥವಿದೆ. ಆದರೆ ನಮ್ಮನ್ನು ತಡೆದು ನಿಲ್ಲಿಸುವುದು ಆ ಪಟ್ಟೆಗಳು. ಹುಲಿಯ ಪಟ್ಟೆ ಯಾರ ಗುರುತು? ಸಿಂಹಾಸನದ ಮೇಲೆ, ಸಿಪಾಯಿಯ ಅಂಗಿಯ ಮೇಲೆ, ತೋಪಿನ ಬಾಯಿಯ ಮೇಲೆ ಹುಲಿಯನ್ನೋ ಅದರ ಪಟ್ಟೆಯನ್ನೋ ಹಾಕಿಸಿದವನು ಟಿಪ್ಪುವೇ. ಇಲ್ಲಿ ಅದು ಹಗೆಯ ಮೈಮೇಲಿದೆ. ತನ್ನ ಲಾಂಛನವನ್ನೇ ಹೊತ್ತು ಬರುವ ಶತ್ರುವನ್ನು ಕಂಡ ಮನುಷ್ಯ, ಅದು ವೇಷ ಮಾತ್ರ, ಒಳಗಿರುವುದು ಹಸು ಎಂದು ತನಗೆ ತಾನೇ ಧೈರ್ಯ ಹೇಳಿಕೊಳ್ಳುತ್ತಿದ್ದಾನೆ ಎನಿಸುತ್ತದೆ ನಮಗೆ. ಮನಸ್ಸು ತನ್ನೊಡನೆ ಆಡುವ ಮಾತೆಂದರೆ ಇದೇ ಅಲ್ಲವೇ?

ಇದೇ ಜಾಡಿನ ಇನ್ನೊಂದು ಕನಸು ನಮ್ಮ ಸೀಮೆಗೆ ಇನ್ನೂ ಹತ್ತಿರದ್ದು. 1786ರಲ್ಲಿ ಸವಣೂರಿನ ಬಳಿ ಮರಾಠರ ದಂಡಿನ ಮೇಲೆ ರಾತ್ರಿ ದಾಳಿಗೆ ಸಿದ್ಧನಾಗುತ್ತಿದ್ದಾಗ ಕಂಡದ್ದು. ಅಪರಿಚಿತ ತರುಣನೊಬ್ಬ ಬಂದು ಪಕ್ಕದಲ್ಲಿ ಕೂಡುತ್ತಾನೆ. ಪೇಟದೊಳಗಿನ ಕೂದಲು ಬಿಚ್ಚಿದಾಗ ಅವನು ಹೆಣ್ಣು ಎಂದು ತಿಳಿಯುತ್ತದೆ. ಮರಾಠರು ಗಂಡಸಿನ ಉಡುಪು ತೊಟ್ಟ ಹೆಂಗಸರು ಎಂದು ಟಿಪ್ಪು ಅರ್ಥ ಹಚ್ಚಿದ, ಸುತ್ತಲಿನವರಿಗೂ ಹೇಳಿದ. ದಾಳಿ ಗೆದ್ದಿತು. ಹರಿಪಂತ ಫಡಕೆಯ ಡೇರೆಯವರೆಗೂ ನುಗ್ಗಿದೆ ಎಂದು ಬರೆದುಕೊಂಡಿದ್ದಾನೆ. (ಹೆಂಗಸೆಂದರೆ ಓಡಿಹೋಗುವವಳು ಎಂಬುದು ಆ ಕಾಲದ ಗಂಡಸರ ತಾಬೀರ್. ಬೆಳವಡಿ ಮಲ್ಲಮ್ಮನ ನಾಡಿನಲ್ಲಿ ಅದು ಸಲ್ಲುವ ಮಾತಲ್ಲ.) ಆದರೆ 1787ರಲ್ಲಿ ಗಜೇಂದ್ರಗಡದ ಒಪ್ಪಂದವೆಂದೇ ಹೆಸರಾದ ಸಂಧಿಯಲ್ಲಿ ಟಿಪ್ಪು ಬಾದಾಮಿಯನ್ನೂ ನರಗುಂದವನ್ನೂ ಕಿತ್ತೂರನ್ನೂ ಬಿಟ್ಟುಕೊಟ್ಟು, 48 ಲಕ್ಷ ರೂಪಾಯಿ ಕೊಡಲು ಒಪ್ಪಿದ್ದು ಇದೇ ಮರಾಠರಿಗೆ. ರಣದಲ್ಲಿ ಮೇಲುಗೈ ಇದ್ದಾಗಲೇ ಹೀಗೆ ಬಗ್ಗಿದ್ದು ಇಂಗ್ಲಿಷರ ಭಯದಿಂದ ಎಂಬುದು ಇತಿಹಾಸಕಾರರಲ್ಲಿ ಹಲವರ ಅಭಿಪ್ರಾಯ. ಕನಸಿನಲ್ಲಿ ಹಿಂಗಾಲಿಲ್ಲದೆ ತೆವಳುತ್ತಿದ್ದ ಹಸು ಎಚ್ಚರದಲ್ಲಿ ಅವನ ನಿದ್ದೆ ಕೆಡಿಸಿತ್ತು.

ಬಿಳಿ ಆನೆಯದೂ ಒಂದು ಕನಸಿದೆ. ಚೀನಾದ ದೊರೆ ಉಡುಗೊರೆಯಾಗಿ ಕಳಿಸಿದ್ದು. ಸಿಕಂದರನನ್ನು ಬಿಟ್ಟರೆ ಬೇರೆ ಯಾರಿಗೂ ಚೀನಾ ಬಿಳಿ ಆನೆ ಕಳಿಸಿಲ್ಲ ಎಂದು ಕನಸಿನಲ್ಲೇ ಅವನಿಗೆ ಹೇಳುತ್ತಾರೆ. ಹೊರಗೆ ತುರ್ಕಿಗೂ ಫ್ರಾನ್ಸಿಗೂ ರಾಯಭಾರಿಗಳನ್ನು ಅಟ್ಟಿ ನೆರವಿಗಾಗಿ ಕಾದವನ ಕನಸು ಇದು. ಬಿಡಿಸಿ ಹೇಳಲು ಖ್ವಾಬ್‌ನಾಮಾ ಬೇಕಿಲ್ಲ.

ಹುಲಿಯ ವಿಷಯದಲ್ಲಿ ಇನ್ನೊಂದು ಮಾತು. ಹೈದರ್ ಎಂದರೆ ಅರಬಿಯಲ್ಲಿ ಸಿಂಹ, ಅದು ಹಜ್ರತ್ ಅಲಿಯವರ ಬಿರುದು. ಅವರು ಅಸದುಲ್ಲಾಹ್, ಅಲ್ಲಾಹನ ಸಿಂಹ. ಉರ್ದುವಿನ ಶೇರ್ ಸಿಂಹವೂ ಹೌದು, ಹುಲಿಯೂ ಹೌದು. ಸಿಂಹವಿಲ್ಲದ ನಮ್ಮ ನಾಡಿಗೆ ಬರುವಷ್ಟರಲ್ಲಿ ಆ ಬಿರುದು ಪಟ್ಟೆ ಬಳಿದುಕೊಂಡಿತು. ಟಿಪ್ಪುವಿನ ಕಾಲದ ಆಯುಧ, ಬಾವುಟಗಳಲ್ಲಿ ಅಲಿಯವರ ಬಿರುದಿನ ಅಕ್ಷರಗಳನ್ನೇ ಹುಲಿಯ ಮುಖವಾಗಿ ಹೆಣೆದದ್ದು ಕಾಣಸಿಗುತ್ತದೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂ ಬಂದರೆ ಹರಕೆ ಹೊತ್ತ ಹುಡುಗರು ಮೈತುಂಬ ಹಳದಿ, ಕಪ್ಪು ಬಳಿದುಕೊಂಡು ಅಲಾಯಿ ದೇವರ ಮುಂದೆ ಹುಲಿಯಾಗಿ ಕುಣಿಯುತ್ತಾರೆ. ಅವರಲ್ಲಿ ಅನೇಕರು ಮುಸ್ಲಿಮರಲ್ಲ. ಈ ಆಚರಣೆಯನ್ನು ನಮ್ಮವರಲ್ಲಿ ಕೆಲವರು ಒಪ್ಪುವುದಿಲ್ಲ, ಅದು ಬೇರೆ ಚರ್ಚೆ. ಹುಲಿ ಇಲ್ಲದ ಎರೆ ಸೀಮೆಯ ಮಕ್ಕಳ ಕನಸಿಗೆ ಹುಲಿ ಯಾವ ದಾರಿಯಿಂದ ಬರುತ್ತದೆಂದು ಹುಡುಕುವವರು ಈ ಅಲಾಯಿ ಕುಣಿಯ ಸುತ್ತಲೂ ಒಮ್ಮೆ ನೋಡಬೇಕು.

ಗಿರೀಶ ಕಾರ್ನಾಡರು ಈ ಕನಸುಗಳಿಂದ ನಾಟಕ ಕಟ್ಟಿದರು. ಮೊದಲು 1997ರಲ್ಲಿ ಬಿಬಿಸಿ ರೇಡಿಯೋಗಾಗಿ, ಆಮೇಲೆ ಕನ್ನಡದಲ್ಲಿ. ಅಲ್ಲಿ ಒಬ್ಬ ಮನುಷ್ಯ ಕಾಣುತ್ತಾನೆ. ಹೊರಗಿನ ಜಗಳಗಳಲ್ಲಿ ಮಾತ್ರ ಆ ಮನುಷ್ಯ ಮಾಯ. ಒಂದು ಕಡೆಯವರು ಕನಸಿನ ಪುಟಗಳಿಂದ ಕಾಫಿರ್ ಎಂಬ ಪದವನ್ನು ಹೆಕ್ಕಿ ತೋರಿಸುತ್ತಾರೆ. ಆ ಪದ ಅಲ್ಲಿದೆ, ಸುಳ್ಳಲ್ಲ. ಇನ್ನೊಂದು ಕಡೆಯವರು ಕನಸಿನಲ್ಲಿ ಬಂದ ಪುಣ್ಯಪುರುಷರನ್ನಷ್ಟೇ ತೋರಿಸಿ ಸುಲ್ತಾನನನ್ನು ವಲೀ ಮಾಡುತ್ತಾರೆ. ಅವರೂ ಅಲ್ಲಿದ್ದಾರೆ. ಗುಲ್ಬರ್ಗದ ಬಂದೇನವಾಜರೂ ಬರುತ್ತಾರೆ, ಶೇಖ್ ಸಾದಿಯೂ ಬರುತ್ತಾನೆ. ಎರಡೂ ಕಡೆಯವರು ಮಾಡುತ್ತಿರುವುದು ಖ್ವಾಬ್‌ನಾಮಾದ ಪಟ್ಟಿಯ ಕೆಲಸ, ಒಂದು ಪ್ರಾಣಿಗೆ ಒಂದು ಅರ್ಥ. ಯೂಸುಫರನ್ನು ಬಾವಿಗೆ ತಳ್ಳಿ ಬಂದ ಅಣ್ಣಂದಿರು ತೋಳದ ಮೇಲೆ ತಪ್ಪು ಹೊರಿಸಿದರು. ಆ ತೋಳ ಅಲ್ಲಿ ಇರಲೇ ಇಲ್ಲ.

ಅದಕ್ಕೂ ಮೊದಲೇ, ಎಳೆಯ ಯೂಸುಫ್ ತಾನು ಕಂಡ ಕನಸನ್ನು ಹೇಳಿದಾಗ, ಇದನ್ನು ನಿನ್ನ ಅಣ್ಣಂದಿರಿಗೆ ಹೇಳಬೇಡ ಮಗನೇ ಎಂದು ತಂದೆ ಯಾಕೂಬರು ಎಚ್ಚರಿಸಿದ್ದರು. ಹಬೀಬುಲ್ಲಾನ ಕಣ್ಣಿಗೂ ಬೀಳದಂತೆ ಸುಲ್ತಾನ ಮುಚ್ಚಿಟ್ಟ ಪುಸ್ತಕವನ್ನು 1800ರಲ್ಲಿ ಅಲೆಕ್ಸಾಂಡರ್ ಬೀಟ್ಸನ್ ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರಿಗೆ ಒಪ್ಪಿಸಿದ. ಹಿಂಗಾಲಿಲ್ಲದ ಆ ಹಸುವಿನ ಕಥೆಯನ್ನು ಅವರೂ ಓದಿಕೊಂಡಿರಬೇಕು.