ಪಹಣಿಯಲ್ಲಿ ಗಾಳಿಗೆ ಕಾಲಂ ಇಲ್ಲ

ಬೆಂಗಳೂರಿನಿಂದ ದಾವಣಗೆರೆಯ ಕಡೆ ಬಸ್ಸಿನಲ್ಲಿ ಹೊರಟವರಿಗೆ ಚಿತ್ರದುರ್ಗ ಹತ್ತಿರವಾಗುತ್ತಿದ್ದಂತೆ ಎರಡು ಹೊಸ ಸಂಗತಿಗಳು ಒಟ್ಟಿಗೆ ಕಾಣುತ್ತವೆ. ಚಕ್ರದ ಕೆಳಗೆ ಅಗಲವಾದ ಹೆದ್ದಾರಿ. ಕಣ್ಣೆತ್ತಿದರೆ ಬೆಟ್ಟದ ನೆತ್ತಿಯ ಮೇಲೆ ಸಾಲಾಗಿ ನಿಂತು ತಿರುಗುವ ಗಾಳಿಯಂತ್ರಗಳು. ಸುತ್ತಲಿನ ಊರುಗಳಲ್ಲಿ ಅವಕ್ಕೆ ‘ಫ್ಯಾನು’ ಎಂದೇ ಹೆಸರು. ರಸ್ತೆಗೂ ಫ್ಯಾನಿಗೂ ನಡುವೆ ಇರುವುದು ಹೊಲ: ಶೇಂಗಾ, ಈರುಳ್ಳಿ, ಮೆಕ್ಕೆಜೋಳ, ರಾಗಿ. ಹೆದ್ದಾರಿ ಈ ಅಗಲಕ್ಕೆ ಬೆಳೆದದ್ದು, ಫ್ಯಾನುಗಳು ಮೇಲೆದ್ದದ್ದು ಎಲ್ಲವೂ ಕಳೆದ ಮೂವತ್ತು ವರ್ಷಗಳ ಮಾತು. ಆದರೆ ಅವೆರಡಕ್ಕೂ ಜಾಗ ಕೊಟ್ಟ ಹೊಲದ ಲೆಕ್ಕ ಬರೆದಿಟ್ಟ ಪುಸ್ತಕ ನೂರೈವತ್ತು ವರ್ಷಕ್ಕೂ ಹಳೆಯದು. ಹೊಸ ಕಾಲದ ಕೆಲಸಕ್ಕೆ ಹಳೆಯ ಪುಸ್ತಕ ನೋಡಿ ಬೆಲೆ ಕಟ್ಟಿದಾಗ ಭೂಮಿಯ ಒಡೆಯನಿಗೆ ಏನಾಗುತ್ತದೆ ಎಂಬುದು ತಿಳಿಯಬೇಕಾದರೆ ಆ ಪುಸ್ತಕದಿಂದಲೇ ಆರಂಭಿಸಬೇಕು.

ಹದಿನಾರಾಣೆಯ ಮಣ್ಣು

ಇಂದಿನ ಪಹಣಿಯ ಬೇರು ಇರುವುದು ಬ್ರಿಟಿಷರ ಕಾಲದ ಕಂದಾಯ ಸರ್ವೆಯಲ್ಲಿ. ಮುಂಬೈ ಪ್ರಾಂತ್ಯದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ರೂಪಿಸಿದ ಪದ್ಧತಿ ಧಾರವಾಡ, ಬೆಳಗಾವಿ ಸೀಮೆಗಳಲ್ಲಿ 1840ರ ದಶಕದಲ್ಲಿ ಜಾರಿಗೆ ಬಂತು. ಕಮಿಷನರ ಆಡಳಿತದಲ್ಲಿದ್ದ ಮೈಸೂರು ಸಂಸ್ಥಾನ 1863ರಲ್ಲಿ ಅದೇ ಮಾದರಿಯನ್ನು ಅನುಸರಿಸಿತು. ಹೊಲಕ್ಕೆ ನಂಬರು ಬಿತ್ತು, ಮೂಲೆಗೆ ಕಲ್ಲು ನೆಟ್ಟರು, ಎಕರೆ ಗುಂಟೆಗಳ ಅಳತೆ ಬಂತು. ಮಣ್ಣಿನ ಆಳ, ಬಣ್ಣ, ಕಲ್ಲು, ಇಳಿಜಾರು ನೋಡಿ ಆಣೆಗಳಲ್ಲಿ ದರ್ಜೆ ಕೊಟ್ಟರು. ಉತ್ತಮ ಭೂಮಿ ಹದಿನಾರಾಣೆಯದು, ದೋಷವಿದ್ದಷ್ಟೂ ಆಣೆ ಕಡಿಮೆ. ನೀರಿನ ಆಧಾರದ ಮೇಲೆ ತರಿ, ಖುಷ್ಕಿ, ಬಾಗಾಯ್ತು ಎಂಬ ವಿಂಗಡಣೆ. ಉಳಲು ಬಾರದ ಕಲ್ಲುನೆಲಕ್ಕೆ ‘ಖರಾಬು’ ಎಂದು ಹೆಸರಿಟ್ಟು ಕಂದಾಯದಿಂದ ಬಿಟ್ಟರು.

ಇಷ್ಟೆಲ್ಲ ಶ್ರಮದ ಉದ್ದೇಶ ಒಂದೇ, ಬೆಳೆಯ ಮೇಲೆ ಕಂದಾಯ ನಿಗದಿ ಮಾಡುವುದು. ಹಾಗಾಗಿ ಆ ಪುಸ್ತಕಕ್ಕೆ ಗೊತ್ತಿದ್ದ ಸಂಪತ್ತು ಎರಡೇ, ಮಣ್ಣು ಮತ್ತು ನೀರು. ಗಾಳಿ ಎಷ್ಟು ಬೀಸುತ್ತದೆ, ಈ ಹೊಲ ಎರಡು ಪಟ್ಟಣಗಳ ನಡುವಿನ ನೇರ ದಾರಿಯಲ್ಲಿದೆಯೇ ಎಂಬ ಪ್ರಶ್ನೆಗಳನ್ನು ಸರ್ವೆಯವನು ಕೇಳಲಿಲ್ಲ. ಕೇಳುವ ಕಾರಣವೂ ಆಗ ಇರಲಿಲ್ಲ. ಮುಂದೆ ಶಾನುಭೋಗರ ಕಾಲ ಮುಗಿದು ಗ್ರಾಮಲೆಕ್ಕಿಗರು ಬಂದರು. 2000ದಲ್ಲಿ ‘ಭೂಮಿ’ ಯೋಜನೆಯಡಿ ಪಹಣಿ ಕಂಪ್ಯೂಟರಿಗೆ ಏರಿತು. ಕೈಬರಹ ಹೋಗಿ ಅಚ್ಚು ಬಂದರೂ ಕಾಲಂಗಳ ಹಿಂದಿನ ತರ್ಕ ಬಹುಪಾಲು ಹಾಗೆಯೇ ಉಳಿಯಿತು.

ರಸ್ತೆ ಬಂದ ದಾರಿ

ರೈಲು, ನಾಲೆ, ರಸ್ತೆಗಳಿಗೆ ಭೂಮಿ ಬೇಕಾದಾಗ ಒಡೆಯನ ಒಪ್ಪಿಗೆಗೆ ಕಾಯದೆ ಸರ್ಕಾರವೇ ತೆಗೆದುಕೊಳ್ಳುವ ಅಧಿಕಾರವನ್ನು ಗಟ್ಟಿ ಮಾಡಿದ್ದು 1894ರ ಭೂಸ್ವಾಧೀನ ಕಾಯಿದೆ. ‘ಸಾರ್ವಜನಿಕ ಉದ್ದೇಶ’ ಎಂದು ಅಧಿಸೂಚನೆ ಹೊರಡಿಸಿದರೆ ಸಾಕು, ರೈತನಿಗೆ ಉಳಿಯುವ ಮುಖ್ಯ ವಾದ ಬೆಲೆಯ ಬಗ್ಗೆ ಮಾತ್ರ. ಆ ಬೆಲೆಯಾದರೂ ಅಧಿಸೂಚನೆಯ ದಿನದ ಮಾರುಕಟ್ಟೆ ದರ. ಈ ಕಾಯಿದೆಯ 24ನೇ ಸೆಕ್ಷನ್ ಗಮನಿಸಬೇಕಾದದ್ದು. ಸ್ವಾಧೀನದ ನಂತರ ಯಾವ ಉಪಯೋಗಕ್ಕೆ ಭೂಮಿ ಹೋಗುತ್ತದೆಯೋ ಅದರಿಂದ ಹೆಚ್ಚುವ ಬೆಲೆಯನ್ನು ಪರಿಹಾರದ ಲೆಕ್ಕಕ್ಕೆ ಹಿಡಿಯಬಾರದು ಎಂದು ಅದು ಸ್ಪಷ್ಟವಾಗಿ ಹೇಳಿತು. ಇದರಲ್ಲಿ ನ್ಯಾಯವೇ ಇಲ್ಲವೆನ್ನುವಂತಿಲ್ಲ. ಸರ್ಕಾರದ ಹಣದಿಂದ ಬರುವ ರಸ್ತೆ ಹೆಚ್ಚಿಸುವ ಬೆಲೆಯನ್ನು ಸರ್ಕಾರವೇ ಮತ್ತೆ ಏಕೆ ಕೊಡಬೇಕು ಎಂಬುದು ಅದರ ವಾದ. ಆದರೆ ಪರಿಣಾಮ ವಿಚಿತ್ರ. ರಸ್ತೆಗೆ ಹೊಲ ಕೊಟ್ಟವನಿಗೆ ಹಳೆಯ ಬೆಲೆ, ಅವನ ಪಕ್ಕದ ಹೊಲದವನಿಗೆ ರಸ್ತೆ ಬಂದ ಮೇಲಿನ ಬೆಲೆ. ಒಂದೇ ಬದುವಿನ ಆಚೀಚೆ ಎರಡು ಭವಿಷ್ಯ.

ಒಪ್ಪಿಗೆಯಿಲ್ಲದೆ ಭೂಮಿ ಹೋಯಿತಲ್ಲ ಎಂಬುದಕ್ಕೆ ಬೆಲೆಯ ಮೇಲೆ ಇನ್ನಷ್ಟು ಹಣ ಸೇರಿಸಿ ಕೊಡುವ ಪದ್ಧತಿಯಿದೆ. ವಕೀಲರು ಅದನ್ನು ಸೊಲೇಷಿಯಂ ಎನ್ನುತ್ತಾರೆ, ಸಾಂತ್ವನ ಧನ ಎಂದು ಕರೆಯಬಹುದು. ಮೊದಲು ಶೇಕಡಾ 15 ಇದ್ದ ಇದು 1984ರ ತಿದ್ದುಪಡಿಯಲ್ಲಿ ಶೇಕಡಾ 30ಕ್ಕೆ ಏರಿತು. ಇಷ್ಟರೊಳಗೆ, 1978ರಲ್ಲಿ, ಸಂವಿಧಾನದ 44ನೇ ತಿದ್ದುಪಡಿಯಿಂದ ಆಸ್ತಿಯ ಹಕ್ಕು ಮೂಲಭೂತ ಹಕ್ಕುಗಳ ಪಟ್ಟಿಯಿಂದ ಹೊರಬಿದ್ದು 300ಎ ವಿಧಿಯ ಕಾನೂನಾತ್ಮಕ ಹಕ್ಕಾಯಿತು.

ಹೆದ್ದಾರಿಗಳ ಕಥೆ ಬೇರೆ ತಿರುವು ಪಡೆದದ್ದು 1997ರಲ್ಲಿ. 1956ರ ರಾಷ್ಟ್ರೀಯ ಹೆದ್ದಾರಿ ಕಾಯಿದೆಗೆ ಆ ವರ್ಷ ಹೊಸ ಸೆಕ್ಷನ್‌ಗಳು ಸೇರಿದವು. ಅಧಿಸೂಚನೆ ಬಂದ 21 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬೇಕು. ಅಂತಿಮ ಘೋಷಣೆ ಪ್ರಕಟವಾದ ಕ್ಷಣವೇ ಭೂಮಿ ಕೇಂದ್ರ ಸರ್ಕಾರದ್ದು. 1894ರ ಕಾಯಿದೆ ಇದಕ್ಕೆ ಅನ್ವಯಿಸದು ಎಂದೂ ಬರೆದರು. ಅಂದರೆ ಸಾಂತ್ವನ ಧನವೂ ಇಲ್ಲ, ಆ ಕಾಯಿದೆಯಂತೆ ಸಿಗುವ ಬಡ್ಡಿಯೂ ಇಲ್ಲ. ಇದಾದ ಎರಡು ವರ್ಷಗಳಲ್ಲಿ ನಾಲ್ಕು ಮಹಾನಗರಗಳನ್ನು ಬೆಸೆಯುವ 5,846 ಕಿಲೋಮೀಟರುಗಳ ಸುವರ್ಣ ಚತುಷ್ಪಥದ ಕೆಲಸ ಶುರುವಾಯಿತು. ತುಮಕೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ, ಹುಬ್ಬಳ್ಳಿ, ಬೆಳಗಾವಿಗಳ ಮೂಲಕ ಹೋಗುವ ಅಂದಿನ ನಾಲ್ಕನೇ ನಂಬರಿನ ಹೆದ್ದಾರಿ, ಇಂದಿನ 48, ಅದರ ಒಂದು ಭುಜ. ದೇಶದ ಹೆಮ್ಮೆಯ ರಸ್ತೆಗೆ ಭೂಮಿ ಕೊಟ್ಟವರಿಗೆ, ಅದೇ ಕಾಲದಲ್ಲಿ ಬೇರೆ ಯೋಜನೆಗಳಿಗೆ ಭೂಮಿ ಕೊಟ್ಟವರಿಗಿಂತ ಕಡಿಮೆ ಸಿಗುವಂತಾಯಿತು.

ಒಂದು ಲೆಕ್ಕ ಮಾಡಿ ನೋಡೋಣ. ಎಕರೆಗೆ 2 ಲಕ್ಷ ರೂಪಾಯಿ ಮಾರುಕಟ್ಟೆ ಬೆಲೆಯೆಂದು ಇಟ್ಟುಕೊಳ್ಳಿ. 1984ರ ತಿದ್ದುಪಡಿಯಂತೆ ಸಾಂತ್ವನ ಧನ ಸೇರಿ 2 ಲಕ್ಷ 60 ಸಾವಿರ, ಬಡ್ಡಿ ಬೇರೆ. 1997ರ ಹೆದ್ದಾರಿ ಕಾಯಿದೆಯಂತೆ ಬರೀ 2 ಲಕ್ಷ. 2013ರ ಹೊಸ ಭೂಸ್ವಾಧೀನ ಕಾಯಿದೆಯಂತೆ ಗ್ರಾಮೀಣ ಪ್ರದೇಶದಲ್ಲಿ ಬೆಲೆಯನ್ನು ಗರಿಷ್ಠ ಎರಡರಿಂದ ಗುಣಿಸಬಹುದು, ಅದರ ಮೇಲೆ ಶೇಕಡಾ 100 ಸಾಂತ್ವನ ಧನ; ಒಟ್ಟು 8 ಲಕ್ಷದವರೆಗೆ. ಈ ಲೆಕ್ಕ ಹೆದ್ದಾರಿಗೂ ಅನ್ವಯವಾದದ್ದು 2015ರಿಂದ. ಹೊಲ ಅದೇ, ಮಣ್ಣು ಅದೇ. ಅಧಿಸೂಚನೆಯ ತಾರೀಖು ಮಾತ್ರ ಬೇರೆ. ನಡುವಿನ ವರ್ಷಗಳಲ್ಲಿ ಭೂಮಿ ಕಳೆದುಕೊಂಡವರಿಗೆ ಸಾಂತ್ವನ ಧನ ಮತ್ತು ಬಡ್ಡಿ ನಿರಾಕರಿಸಿದ್ದು ಸಮಾನತೆಯ ಹಕ್ಕಿಗೆ ವಿರುದ್ಧವೆಂದು ಸುಪ್ರೀಂ ಕೋರ್ಟು 2019ರ ಸೆಪ್ಟೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ಆ ತೀರ್ಪು ಹಿಂದಿನ ಪ್ರಕರಣಗಳಿಗೂ ಅನ್ವಯಿಸುತ್ತದೆ ಎಂದು 2025ರ ಫೆಬ್ರವರಿಯಲ್ಲಿ ಮತ್ತೆ ಹೇಳಿತು.

ಹಾಗೆಂದು ಎಲ್ಲ ತಪ್ಪೂ ಕಾಯಿದೆಯದೇ ಅಲ್ಲ. ಮಾರುಕಟ್ಟೆ ಬೆಲೆ ತಿಳಿಯಲು ಅಧಿಕಾರಿ ನೋಡುವುದು ಉಪನೋಂದಣಿ ಕಚೇರಿಯಲ್ಲಿರುವ ಕ್ರಯಪತ್ರಗಳನ್ನು. ಮುದ್ರಾಂಕ ಶುಲ್ಕ ಉಳಿಸಲೆಂದು ಪತ್ರದಲ್ಲಿ ಕಡಿಮೆ ಬರೆಸಿ ಉಳಿದದ್ದನ್ನು ಕೈಗೆ ಕೊಡುವುದು ನಮ್ಮಲ್ಲಿ ಹಳೆಯ ರೂಢಿ. ಒಬ್ಬರು ಹಾಗೆ ಉಳಿಸಿದ ಸಾವಿರ ರೂಪಾಯಿ ಮುಂದೆ ಊರಿನವರೆಲ್ಲರ ಪರಿಹಾರವನ್ನು ಲಕ್ಷಗಳಲ್ಲಿ ಇಳಿಸಿತು. ಇನ್ನು ಪಹಣಿ ಇಂದಿಗೂ ತಾತನ ಹೆಸರಿನಲ್ಲಿದ್ದು, ಅಣ್ಣತಮ್ಮಂದಿರ ಪಾಲು ಬಾಯಿಮಾತಿನಲ್ಲೇ ಉಳಿದಿದ್ದರೆ ಪರಿಹಾರದ ಹಣ ಕೋರ್ಟಿನಲ್ಲಿ ಠೇವಣಿಯಾಗಿ ಕೂರುತ್ತದೆ. ಸರ್ಕಾರಿ ಜಮೀನನ್ನು ಎರಡು ತಲೆಮಾರು ಉತ್ತು, ನಮೂನೆ 50, 53, 57 ತುಂಬಿ ಸಕ್ರಮಕ್ಕಾಗಿ ಕಾಯುತ್ತಿರುವ ಬಗರ್‌ಹುಕುಂ ಸಾಗುವಳಿದಾರನಿಗೆ ನೆಲದ ಬೆಲೆ ಕೇಳಲು ಕಾಗದವೇ ಇಲ್ಲ.

ಹಣ ಸಿಕ್ಕ ಮೇಲೂ ಉಳಿದ ಹೊಲದ ಸಮಸ್ಯೆ ಇದ್ದೇ ಇದೆ. ಹೆದ್ದಾರಿ ಹೊಲವನ್ನು ಸೀಳಿದರೆ ಆಚೆಯ ಅರ್ಧಕ್ಕೆ ಎತ್ತು, ಟ್ರ್ಯಾಕ್ಟರು ಒಯ್ಯಲು ಅಂಡರ್‌ಪಾಸು ಹುಡುಕಿಕೊಂಡು ಸುತ್ತಬೇಕು. ಕೊಳವೆಬಾವಿ ರಸ್ತೆಯ ಪಾಲಾದರೆ ಉಳಿದ ಮೂರೆಕರೆ ಮತ್ತೆ ಖುಷ್ಕಿ. ಮಳೆನೀರು ಹರಿಯುತ್ತಿದ್ದ ಹಳ್ಳಕ್ಕೆ ರಸ್ತೆಯ ಏರಿ ಅಡ್ಡ ಬಂದರೆ ಒಂದು ಕಡೆ ನೀರು ನಿಲ್ಲುತ್ತದೆ, ಇನ್ನೊಂದು ಕಡೆಯ ಕಟ್ಟೆ ಒಣಗುತ್ತದೆ. ಭೂಮಿ ತುಂಡಾಗುವ ನಷ್ಟಕ್ಕೂ ಪರಿಹಾರ ಉಂಟೆಂದು ಕಾಯಿದೆ ಹೇಳುತ್ತದೆ. ಆದರೆ ಅದನ್ನು ಕೇಳಬೇಕಾದವನು ರೈತ, ಸಾಬೀತು ಮಾಡಬೇಕಾದವನೂ ಅವನೇ.

ಗಾಳಿ ಬಂದ ದಾರಿ

ರಸ್ತೆ ಅಧಿಸೂಚನೆಯ ಮೂಲಕ ಬಂದರೆ ಗಾಳಿ ಬಂದದ್ದು ಮಾಪನದ ಮೂಲಕ. ಭಾರತದಲ್ಲಿ ಗಾಳಿಯ ಲೆಕ್ಕ ಹಾಕಿದವರಲ್ಲಿ ಮೊದಲಿಗರು ಹವಾಮಾನ ವಿಜ್ಞಾನಿ ಅನ್ನಾ ಮಣಿ (1918–2001). ಹವಾಮಾನ ಇಲಾಖೆಯಿಂದ 1976ರಲ್ಲಿ ನಿವೃತ್ತರಾದ ಮೇಲೆ ಬೆಂಗಳೂರಿನಲ್ಲಿ ನೆಲೆಸಿದ ಅವರು ದೇಶದ ಉದ್ದಗಲಕ್ಕೂ ಗಾಳಿಯ ವೇಗ ಅಳೆಯುವ ಕಾರ್ಯವನ್ನು ಮುನ್ನಡೆಸಿದರು. ಇಂಥ ಸಮೀಕ್ಷೆಗಳಿಂದ ತಿಳಿದದ್ದು, ಮುಂಗಾರಿನ ತಿಂಗಳುಗಳಲ್ಲಿ ನಮ್ಮ ಬಯಲುಸೀಮೆಯ ಬೋಳು ಬೆಟ್ಟಗಳ ಮೇಲೆ ಬೀಸುವ ಗಾಳಿ ಸಾಮಾನ್ಯದ್ದಲ್ಲ ಎಂದು. ನವೀಕರಿಸಬಹುದಾದ ಇಂಧನಕ್ಕೆಂದೇ ಕರ್ನಾಟಕ 1996ರಲ್ಲಿ ನಿಗಮವೊಂದನ್ನು ಸ್ಥಾಪಿಸಿತು. ಚಿತ್ರದುರ್ಗ, ಗದಗ ಸೀಮೆಗಳ ಗುಡ್ಡಗಳಿಗೆ ಫ್ಯಾನುಗಳು ಏರಿದವು. ರಾಜ್ಯದ ಪವನ ವಿದ್ಯುತ್ ಸಾಮರ್ಥ್ಯ ಇಂದು 5,000 ಮೆಗಾವಾಟ್ ದಾಟಿದೆ.

ಇಲ್ಲಿ ಚರಿತ್ರೆಯ ವ್ಯಂಗ್ಯವೊಂದಿದೆ. ಸರ್ವೆಯ ಪುಸ್ತಕದಲ್ಲಿ ಅತಿ ಕಡಿಮೆ ಆಣೆ ಪಡೆದ, ಖರಾಬೆಂದು ಬಿಟ್ಟ ಎತ್ತರದ ನೆಲವೇ ಗಾಳಿಯ ಲೆಕ್ಕದಲ್ಲಿ ಹದಿನಾರಾಣೆಯದು. ಆದರೆ ಬೆಲೆ ಮಾತಾಡುವಾಗ ಮಧ್ಯವರ್ತಿ ಮುಂದಿಟ್ಟದ್ದು ಹಳೆಯ ಪುಸ್ತಕವನ್ನೇ. ‘ಕಲ್ಲುಗುಡ್ಡ, ಏನು ಬೆಳೆದೀಯಪ್ಪ?’ ಎಂಬ ಮಾತಿಗೆ ರೈತನ ಬಳಿ ಉತ್ತರವಿರಲಿಲ್ಲ. ಗಾಳಿ ಅಳೆದ ಕಂಬದ ಅಂಕಿಗಳು ಕಂಪನಿಯ ಬಳಿ ಇದ್ದವು, ಅವನ ಬಳಿ ಅಲ್ಲ. ಇಲ್ಲಿ ಬಲವಂತವಿಲ್ಲ, ನಿಜ. ಒಪ್ಪಿಗೆಯ ಮಾರಾಟವೇ. ಆದರೆ ಒಬ್ಬನಿಗೆ ಗೊತ್ತಿರುವುದು ಇನ್ನೊಬ್ಬನಿಗೆ ಗೊತ್ತಿಲ್ಲದ ವ್ಯಾಪಾರದಲ್ಲಿ ಒಪ್ಪಿಗೆಯ ಅರ್ಥವೂ ತೆಳುವಾಗುತ್ತದೆ.

ಮಾರುವ ಬದಲು ಬಾಡಿಗೆಗೆ ಕೊಡಬಹುದಿತ್ತಲ್ಲ ಎಂದು ಕೇಳಬಹುದು. ಅಮೆರಿಕದ ಅಯೋವಾದಲ್ಲಿ ನಡೆದದ್ದು ಹಾಗೆಯೇ. ಅಲ್ಲಿ ಭೂಮಿ ರೈತನ ಹೆಸರಿನಲ್ಲೇ ಉಳಿದು, ಗಾಳಿಯಂತ್ರದ ಬುಡ ಬಿಟ್ಟು ಉಳಿದ ಕಡೆ ಜೋಳ, ಸೋಯಾ ಬೆಳೆಯುತ್ತ, ವರ್ಷ ವರ್ಷ ಕಂಪನಿಯಿಂದ ಹಣ ಪಡೆಯುವ ಪದ್ಧತಿ ಬೇರೂರಿದೆ. ಡೆನ್ಮಾರ್ಕಿನಲ್ಲಿ ಹಳ್ಳಿಗರೇ ಸಹಕಾರಿ ಗುಂಪು ಕಟ್ಟಿ ಯಂತ್ರಗಳ ಒಡೆಯರಾದರು. ಹೊಸ ಯೋಜನೆಯಲ್ಲಿ ಕನಿಷ್ಠ ಶೇಕಡಾ 20 ಪಾಲನ್ನು ಸುತ್ತಲಿನವರಿಗೆ ಕೊಳ್ಳಲು ಕೊಡಬೇಕೆಂಬ ಕಾನೂನೂ ಅಲ್ಲಿ 2009ರಿಂದ 2020ರವರೆಗೆ ಇತ್ತು.

ನಮ್ಮಲ್ಲಿ ದಾರಿ ಕಟ್ಟಿದ್ದು ಒಂದು ಒಳ್ಳೆಯ ಕಾಯಿದೆ. 1974ರ ಭೂಸುಧಾರಣೆ ಗೇಣಿ ಪದ್ಧತಿಯನ್ನು ರದ್ದು ಮಾಡಿ ಉಳುವವನನ್ನು ಒಡೆಯನನ್ನಾಗಿಸಿತು. ಮತ್ತೆ ಗೇಣಿ ತಲೆಯೆತ್ತಬಾರದೆಂದು, ಸೈನಿಕರಂಥ ಕೆಲವರನ್ನು ಬಿಟ್ಟು, ಕೃಷಿಭೂಮಿಯನ್ನು ಗುತ್ತಿಗೆಗೆ ಕೊಡುವುದನ್ನೇ ನಿಷೇಧಿಸಿತು. ಬಡ ಗೇಣಿದಾರನನ್ನು ಜಮೀನ್ದಾರನಿಂದ ಕಾಪಾಡಲು ಹಾಕಿದ ಬೇಲಿ, ಅವನ ಮೊಮ್ಮಗನಿಗೆ ಕಂಪನಿಯಿಂದ ಬಾಡಿಗೆ ಪಡೆಯುವ ದಾರಿಗೂ ಅಡ್ಡವಾಯಿತು. ಭೂಪರಿವರ್ತನೆ ಮಾಡಿಸಿ ಗುತ್ತಿಗೆ ಕೊಡಬಹುದಿತ್ತು. ಆದರೆ ಆ ಕಚೇರಿ ಅಲೆದಾಟ ರೈತನ ಶಕ್ತಿಗೆ ಮೀರಿದ್ದು, ಮಾರಿಬಿಡುವುದೇ ಸುಲಭವೆನಿಸಿತು. ಇದೇ ಗುಡ್ಡಗಳಲ್ಲಿ ಅರಣ್ಯಭೂಮಿ ಬೇಕಾದ ಕಡೆ ಸರ್ಕಾರ ಮಾರಲಿಲ್ಲ, 30 ವರ್ಷಗಳ ಗುತ್ತಿಗೆ ಕೊಟ್ಟಿತು. ತನ್ನ ನೆಲವನ್ನು ಕೈಬಿಡದ ಜಾಣ್ಮೆ ಸರ್ಕಾರಕ್ಕಿತ್ತು. ರೈತನಿಗೆ ಆ ಜಾಣ್ಮೆ ತೋರುವ ಅವಕಾಶವಿರಲಿಲ್ಲ.

ಅವಕಾಶ ಸಿಕ್ಕರೆ ಏನಾಗಬಹುದೆಂಬುದಕ್ಕೆ ಪಾವಗಡ ಸಾಕ್ಷಿ. ಅಲ್ಲಿ ಬಂದದ್ದು ಗಾಳಿಯಲ್ಲ, ಬಿಸಿಲು. 2018ರಲ್ಲಿ ಉದ್ಘಾಟನೆಯಾದ, ಈಗ 2,050 ಮೆಗಾವಾಟ್‌ಗಳ ಸೌರ ಪಾರ್ಕಿಗೆ ಐದು ಹಳ್ಳಿಗಳ ಸುಮಾರು 13,000 ಎಕರೆಯನ್ನು ಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಮಳೆ ಕೈಕೊಡುವ ಸೀಮೆಯಲ್ಲಿ ನಾಲ್ಕೆಕರೆಯವನಿಗೆ ವರ್ಷಕ್ಕೆ 84,000 ರೂಪಾಯಿ ಖಚಿತ ಆದಾಯವೆಂದರೆ ಸಣ್ಣ ಮಾತಲ್ಲ. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಬೀಳುಭೂಮಿಯಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಬಾಡಿಗೆ ಬರಲಿಲ್ಲ. ಪಹಣಿ ಇದ್ದವನಿಗೆ ಮಾತ್ರ ಪಾಲು ಎಂಬ ನಿಯಮ ಅಲ್ಲಿಯೂ ಬದಲಾಗಲಿಲ್ಲ.

ತಂತಿ ಹಾದ ಹೊಲ

ರಸ್ತೆಯವರು ಹೊಲ ಕಿತ್ತುಕೊಂಡಾದರೂ ಹಣ ಕೊಡುತ್ತಾರೆ, ಫ್ಯಾನಿನವರು ಕೊಂಡುಕೊಳ್ಳುತ್ತಾರೆ. ಮೂರನೆಯ ಪಾಡು ಇನ್ನೊಬ್ಬನದು. ಅವನ ಹೊಲದಲ್ಲಿ ಫ್ಯಾನಿಲ್ಲ, ಆದರೆ ಫ್ಯಾನಿನ ವಿದ್ಯುತ್ ಸಾಗಿಸುವ ಗೋಪುರ ನಿಂತಿದೆ, ತಂತಿ ಹಾದಿದೆ. ಟೆಲಿಗ್ರಾಫ್ ತಂತಿ ಎಳೆಯಲು 1885ರಲ್ಲಿ ಮಾಡಿದ ಕಾಯಿದೆಯ ಅಧಿಕಾರವನ್ನು 2003ರ ವಿದ್ಯುತ್ ಕಾಯಿದೆಯೂ ಎರವಲು ಪಡೆಯಿತು. ಅದರಂತೆ ಭೂಮಿ ಸ್ವಾಧೀನವಾಗುವುದಿಲ್ಲ, ಬಳಕೆಯ ಹಕ್ಕು ಮಾತ್ರ. ಆದ ಹಾನಿಗೆ ಪರಿಹಾರ. ತಂತಿಯ ಕೆಳಗೆ ತೆಂಗು ಬೆಳೆಸುವಂತಿಲ್ಲ, ಮನೆ ಕಟ್ಟುವಂತಿಲ್ಲ, ಕೊಳ್ಳಲು ಬಂದವನೂ ಮೇಲೆ ನೋಡಿ ಹಿಂದೆ ಸರಿಯುತ್ತಾನೆ. ಪಹಣಿಯಲ್ಲಿ ಹೊಲ ಪೂರ್ತಿ ಅವನದೇ. ಗೋಪುರದ ಬುಡಕ್ಕೆ ಭೂಮಿಯ ಬೆಲೆಯ ಶೇಕಡಾ 85, ತಂತಿಯ ಪಟ್ಟಿಗೆ ಗರಿಷ್ಠ ಶೇಕಡಾ 15 ಕೊಡಬಹುದೆಂದು ಕೇಂದ್ರ ಇಂಧನ ಸಚಿವಾಲಯ ಮಾರ್ಗಸೂಚಿ ಹೊರಡಿಸಿದ್ದು 2015ರಲ್ಲಿ. 2024ರಲ್ಲಿ ಅದು ಶೇಕಡಾ 200 ಮತ್ತು 30ಕ್ಕೆ ಏರಿತು. ಟೆಲಿಗ್ರಾಫ್ ಕಾಲದಿಂದ ಇಲ್ಲಿಗೆ ಬರಲು ನೂರಮೂವತ್ತು ವರ್ಷ ಬೇಕಾಯಿತು.

ರಸ್ತೆಯೂ ಬೇಕು, ಗಾಳಿಯ ವಿದ್ಯುತ್ತೂ ಬೇಕು. ಈರುಳ್ಳಿ ಬೆಂಗಳೂರು ತಲುಪುವುದು ಅದೇ ರಸ್ತೆಯಲ್ಲಿ, ಪಂಪು ತಿರುಗುವುದು ಅದೇ ವಿದ್ಯುತ್ತಿನಲ್ಲಿ. ಭೂಮಿಯ ಬೆಲೆಯನ್ನು ಅದು ನಿನ್ನೆ ಏನಾಗಿತ್ತು ಎಂಬುದರ ಮೇಲೆ ಕಟ್ಟಬೇಕೋ, ನಾಳೆ ಏನಾಗಲಿದೆ ಎಂಬುದರ ಮೇಲೋ ಎಂಬುದೇ ಈ ಚರಿತ್ರೆಯುದ್ದಕ್ಕೂ ಬಗೆಹರಿಯದೆ ಉಳಿದ ಪ್ರಶ್ನೆ. 1894ರ ಕಾಯಿದೆ ನಿನ್ನೆಯ ಪರ ನಿಂತಿತು. 2013ರದು ನಿನ್ನೆಯ ಬೆಲೆಯನ್ನೇ ದೊಡ್ಡದು ಮಾಡಿತು. ಪಾವಗಡದ ಗುತ್ತಿಗೆ ಮಾತ್ರ ನಾಳೆಯಲ್ಲೊಂದು ಸಣ್ಣ ಪಾಲು ಕೊಟ್ಟಿತು. ಕರ್ನಾಟಕ 2020ರಲ್ಲಿ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿ ತಂದು ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ದಾರಿ ತೆರೆಯಿತು. ಕೊಳ್ಳುವುದು ಸುಲಭವಾದಷ್ಟೂ ಗುತ್ತಿಗೆಯ ಮಾತು ಹಿಂದೆ ಬೀಳುತ್ತದೆ. ಗುಡ್ಡದ ಹೊಲದವನು ಸಹಿ ಹಾಕುವ ಮುನ್ನ ಮೂರು ಕೆಲಸ ಮಾಡಬೇಕಾಗಿದೆ: ಪಹಣಿಯನ್ನು ತಾತನ ಹೆಸರಿನಿಂದ ತನ್ನ ಹೆಸರಿಗೆ ತರಬೇಕು, ಪೋಡಿ ಮಾಡಿಸಿಕೊಳ್ಳಬೇಕು, ಗಾಳಿ ಅಳೆದ ಕಂಬದ ಅಂಕಿ ಏನು ಹೇಳುತ್ತದೆಂದು ಕೇಳಬೇಕು. ಸರ್ವೆಯವನು ಕೇಳದೆ ಬಿಟ್ಟ ಆ ಪ್ರಶ್ನೆಯನ್ನು ಇನ್ನು ಅವನೇ ಕೇಳಬೇಕು.